ವಶೀಲಿ ಇಲ್ಲದವರ ವಿಳಾಸ

ನಮ್ಮ ಕಡೆ ಮಗನೋ ಮಗಳೋ ಎಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬಂದರೆ ಮನೆಯಲ್ಲಿ ಒಂದು ಪ್ರಶ್ನೆ ಶುರುವಾಗುತ್ತದೆ: 'ಬೆಂಗಳೂರಲ್ಲಿ ಯಾರಾದ್ರೂ ಗೊತ್ತಿದ್ದಾರಾ?' ದೂರದ ಸಂಬಂಧಿ, ಊರಿನಿಂದ ಹೋಗಿ ಯಾವುದೋ ಕಂಪನಿ ಸೇರಿದವರು, ಮದುವೆಮನೆಯಲ್ಲಿ ಒಮ್ಮೆ ಪಕ್ಕದ ಎಲೆಗೆ ಕೂತಿದ್ದವರು, ಹೀಗೆ ಎಲ್ಲರ ಹೆಸರೂ ಬಂದುಹೋಗುತ್ತದೆ. ಕೆಲವರಿಗೆ ಒಬ್ಬರು ಸಿಗುತ್ತಾರೆ. ಬಹಳ ಮಂದಿಗೆ ಸಿಗುವುದಿಲ್ಲ.

ಜಿಲ್ಲಾ ಕೇಂದ್ರವೊಂದರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಪ್ಲೇಸ್‌ಮೆಂಟ್ ಕೆಲಸವನ್ನೂ ನೋಡಿಕೊಳ್ಳುವ ನನಗೆ ಅದೇ ಪ್ರಶ್ನೆ ಈಗ ಬೇರೆ ವೇಷದಲ್ಲಿ ಎದುರಾಗುತ್ತಿದೆ. ಕಳೆದ ವರ್ಷ ಏಳನೇ ಸೆಮಿಸ್ಟರ್‌ನ ಮೊದಲ ವಾರ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು ಕೇಳಿದ: 'ಸರ್, ಲಿಂಕ್ಡ್‌ಇನ್‌ನಲ್ಲಿ ಇಲ್ದೇ ಇದ್ರೆ ಕೆಲ್ಸ ಸಿಗಲ್ವಾ?' ಅರ್ಧ ಕ್ಲಾಸು ನಕ್ಕಿತು. ಉಳಿದರ್ಧ ನಗದೆ ನನ್ನ ಮುಖ ನೋಡಿತು. ಅವರಿಗೂ ಅದೇ ಚಿಂತೆ ಇತ್ತು.

ಅಷ್ಟರಲ್ಲಿ ಬೆಲ್ ಹೊಡೆದು ನನ್ನ ಉತ್ತರ ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಲಿಂಕ್ಡ್‌ಇನ್, ಗಿಟ್‌ಹಬ್ ಎಂಬ ಹೆಸರುಗಳನ್ನು ಕೇಳಿ ಮಾತ್ರ ಗೊತ್ತಿರುವವರಿಗಾಗಿ ಇದು. ಮಗಳು ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತು ಮಾಡುವುದಾದರೂ ಏನು ಎಂದು ಯೋಚಿಸುವ ಅಪ್ಪ ಅಮ್ಮಂದಿರೂ ಓದಬಹುದು.

ಮೊದಲು ಬಾಗಿಲು ಯಾವುದು ನೋಡಿ

ಕೆಲಸಕ್ಕೆ ಹೋಗುವ ಬಾಗಿಲುಗಳು ಹಲವು. ನೀವು ಯಾವುದನ್ನು ತಟ್ಟುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಮೊದಲನೆಯದು ಕ್ಯಾಂಪಸ್. ದೊಡ್ಡ ಐಟಿ ಸೇವಾ ಕಂಪನಿಗಳು ಒಂದೇ ಸಲಕ್ಕೆ ಸಾವಿರಾರು ಫ್ರೆಷರ್‌ಗಳನ್ನು ತೆಗೆದುಕೊಳ್ಳುವಾಗ ಒಬ್ಬೊಬ್ಬರ ಪುಟ ತೆರೆದು ನೋಡಲು ಅವರಿಗೆ ಪುರುಸೊತ್ತಿರುವುದಿಲ್ಲ. ಅವರು ಕೇಳುವುದು ಅಂಕಪಟ್ಟಿ. ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ. 60 ಇರಬೇಕು, ಪಾಸಾಗದೆ ಬಾಕಿ ಉಳಿದ ಪೇಪರ್, ಅಂದರೆ ಬ್ಯಾಕ್‌ಲಾಗ್, ಇರಬಾರದು. ಆಮೇಲೆ ಆಪ್ಟಿಟ್ಯೂಡ್, ಕೋಡಿಂಗ್ ಪರೀಕ್ಷೆ, ಒಂದೋ ಎರಡೋ ಸಂದರ್ಶನ. ಇಲ್ಲಿ ನಿಮ್ಮ ಆನ್‌ಲೈನ್ ಗುರುತಿಗೆ ಇರುವ ಬೆಲೆ ಬಹಳ ಕಡಿಮೆ.

ಎರಡನೆಯದು ಸರ್ಕಾರ ಮತ್ತು ಸಾರ್ವಜನಿಕ ಉದ್ದಿಮೆ. ಇಸ್ರೊ, ಬಿಇಎಲ್, ಎಚ್‌ಎಎಲ್, ನಮ್ಮ ಕೆಪಿಟಿಸಿಎಲ್ ಇವೆಲ್ಲ ಅಧಿಸೂಚನೆ ಹೊರಡಿಸಿ, ಲಿಖಿತ ಪರೀಕ್ಷೆಯ ಅಥವಾ ಗೇಟ್ ಅಂಕದ ಮೇಲೆ ಆಯ್ಕೆ ಮಾಡುತ್ತವೆ. ಲಿಂಕ್ಡ್‌ಇನ್‌ನಲ್ಲಿ ನಿಮಗೆ ಹತ್ತು ಸಾವಿರ ಹಿಂಬಾಲಕರಿದ್ದರೂ ಅಲ್ಲಿ ಅರ್ಧ ಅಂಕ ಹೆಚ್ಚಾಗುವುದಿಲ್ಲ. ಗೇಟ್‌ಗೆ ಓದುತ್ತಿರುವವರು ಈ ಲೇಖನವನ್ನು ಇಲ್ಲಿಗೇ ಮಡಚಿಟ್ಟು ಓದಿಗೆ ಕೂತರೂ ನನಗೆ ಬೇಸರವಿಲ್ಲ.

ಮೂರನೆಯದು ಆಫ್-ಕ್ಯಾಂಪಸ್. ಅಂದರೆ ಕಂಪನಿ ಕಾಲೇಜಿಗೆ ಬರುವುದಿಲ್ಲ, ನೀವೇ ಕಂಪನಿ ಹುಡುಕಿಕೊಂಡು ಹೋಗಬೇಕು. ಸ್ಟಾರ್ಟಪ್‌ಗಳು, ಸಾಫ್ಟ್‌ವೇರ್ ಉತ್ಪನ್ನ ಮಾಡುವ ಕಂಪನಿಗಳು, ಊರಲ್ಲೇ ಕೂತು ಮಾಡುವ ರಿಮೋಟ್ ಕೆಲಸ, ಫ್ರೀಲಾನ್ಸ್ ಎಲ್ಲವೂ ಈ ಬಾಗಿಲಿನ ಆಚೆಗಿವೆ. ನಮ್ಮಂಥ ಊರುಗಳ ಕಾಲೇಜಿಗೆ ಬರುವ ಕಂಪನಿಗಳೇ ಕಡಿಮೆ. ಒಂದು ಬ್ಯಾಕ್‌ಲಾಗ್ ಉಳಿಸಿಕೊಂಡವರಿಗೆ ಬಂದ ಕಂಪನಿಯೂ ತಪ್ಪಿಹೋಗುತ್ತದೆ. ಹಾಗಾಗಿ ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ತಟ್ಟುವುದು ಈ ಬಾಗಿಲನ್ನೇ. ಅಲ್ಲಿ ಒಳಗಿರುವವರಿಗೆ ನೀವು ಯಾರೆಂದು ಗೊತ್ತಿಲ್ಲ, ನಿಮ್ಮ ಕಾಲೇಜಿನ ಹೆಸರನ್ನೂ ಕೇಳಿರಲಿಕ್ಕಿಲ್ಲ. ಆನ್‌ಲೈನ್ ಗುರುತು ಬೇಕಾಗುವುದು ಇಲ್ಲಿ.

ಇನ್ನೊಂದು ಮಾತು ಸೇರಿಸಬೇಕು. ಆನ್‌ಲೈನ್‌ನಲ್ಲಿ ಕಾಣದವರೆಲ್ಲ ಕೆಲಸ ಬಾರದವರು ಎಂದುಕೊಳ್ಳಬೇಡಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸದ ಕೆಲಸ ಶುರುಮಾಡಿತು. ಅಂಥ ಕೆಲಸದಲ್ಲಿ ತಲೆ ನರೆತ ಎಷ್ಟೋ ಎಂಜಿನಿಯರುಗಳು ಬರೆದ ಒಂದು ಸಾಲೂ ಹೊರಗೆ ಕಾಣುವುದಿಲ್ಲ, ಎಲ್ಲವೂ ಕಂಪನಿಯ ಗುಟ್ಟು. ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವವರ ಕಥೆಯೂ ಅಷ್ಟೇ. ಅವರಿಗೆ ಇಪ್ಪತ್ತು ವರ್ಷದ ಅನುಭವವೇ ಗುರುತು, ಜೊತೆಗೆ ಕೆಲಸ ಮಾಡಿದವರೇ ಸಾಕ್ಷಿ. ಫ್ರೆಷರ್‌ಗೆ ಅನುಭವವೂ ಇಲ್ಲ, ಸಾಕ್ಷಿಯೂ ಇಲ್ಲ.

ನಿಮ್ಮ ಅರ್ಜಿ ಆ ಕಡೆ ಏನಾಗುತ್ತದೆ?

ಕೆಲಸ ಹುಡುಕುವ ಜಾಲತಾಣ ನೌಕ್ರಿ ಡಾಟ್ ಕಾಮ್ 1997ರಲ್ಲಿ ಶುರುವಾದಾಗ ಕೆಲಸದ ಜಾಹೀರಾತುಗಳಿಗಾಗಿ ಜನ ಪತ್ರಿಕೆಯ ಪುಟ ತಿರುವುತ್ತಿದ್ದ ಕಾಲ. ರೆಸ್ಯೂಮೆಯನ್ನು ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿ, ಕಂದು ಲಕೋಟೆಯಲ್ಲಿಟ್ಟು, ಅಂಚೆಗೆ ಹಾಕಿ ಕಾಯಬೇಕಿತ್ತು. ಇವತ್ತು ಒಂದು ಗುಂಡಿ ಒತ್ತಿದರೆ ಅರ್ಜಿ ಹೋಗುತ್ತದೆ. ನಿಮಗೆ ಸುಲಭವಾದದ್ದು ಎಲ್ಲರಿಗೂ ಸುಲಭವಾಗಿದೆ, ಆದ್ದರಿಂದ ಒಂದು ಹುದ್ದೆಗೆ ಬರುವ ಅರ್ಜಿಗಳ ರಾಶಿಯೂ ಬೆಳೆದಿದೆ.

ಆ ರಾಶಿಯನ್ನು ಮೊದಲು ಒಂದು ಸಾಫ್ಟ್‌ವೇರ್ ಜೋಡಿಸಿಡುತ್ತದೆ. ಆಮೇಲೆ ಎಚ್‌ಆರ್ ವಿಭಾಗದವರು ಬೇಕಾದ ಪದಗಳನ್ನು ಹುಡುಕುತ್ತಾರೆ: ಜಾವಾ, ಪೈಥಾನ್, ಎಸ್‌ಕ್ಯೂಎಲ್ ಎಂದು. ಸಿಕ್ಕ ರೆಸ್ಯೂಮೆಗಳ ಮೇಲೆ ಕಣ್ಣಾಡಿಸಿ ಹತ್ತಿಪ್ಪತ್ತನ್ನು ಬೇರೆ ತೆಗೆದಿಡುತ್ತಾರೆ. ಆ ಹತ್ತಿಪ್ಪತ್ತು ಮಾತ್ರ ನಿಜವಾಗಿ ಕೋಡ್ ಬರೆಯುವ ಎಂಜಿನಿಯರ್ ಮುಂದೆ ಬರುತ್ತವೆ. ಅವರು ನಿಮ್ಮ ಗಿಟ್‌ಹಬ್ ಕೊಂಡಿಯನ್ನು ತೆರೆಯಲೂಬಹುದು, ತೆರೆಯದೆಯೂ ಇರಬಹುದು. ಬಹಳ ಜನ ತೆರೆಯುವುದಿಲ್ಲ ಎಂಬುದು ಸಂದರ್ಶನ ಮಾಡುವ ನನ್ನ ಹಳೆಯ ವಿದ್ಯಾರ್ಥಿಗಳೇ ಹೇಳುವ ಮಾತು.

ಹಾಗಾದರೆ ಇಷ್ಟೆಲ್ಲ ಯಾಕೆ ಎಂದು ಕೇಳುತ್ತೀರಿ. ಮೂರು ಉಪಯೋಗಗಳಿವೆ. ಹುಡುಕುವವರ ಕಣ್ಣಿಗೆ ಬೀಳುವುದು ಒಂದು. ರೆಸ್ಯೂಮೆಯಲ್ಲಿ ಬರೆದದ್ದು ನಿಜ ಎಂದು ತೋರಿಸುವುದು ಇನ್ನೊಂದು. ಸಂದರ್ಶನದಲ್ಲಿ ನೀವೇ ಮಾಡಿದ ಕೆಲಸದ ಬಗ್ಗೆ ಮಾತು ಎಳೆಯಲು ಒಂದು ದಾರ ಸಿಗುವುದು ಮೂರನೆಯದು. ನನ್ನ ಅನುಭವದಲ್ಲಿ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು.

ಹೆಸರಿನಿಂದ ಶುರು ಮಾಡೋಣ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಸ್ವಲ್ಪ ನಿಲ್ಲೋಣ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ', ಆಧಾರ್‌ನಲ್ಲಿ 'ಕೆ ಮಂಜುನಾಥ್', ಲಿಂಕ್ಡ್‌ಇನ್ 'ಕೊನೆಯ ಹೆಸರು' ಕೇಳಿತೆಂದು ಅಲ್ಲಿ 'ಮಂಜುನಾಥ ಮಂಜುನಾಥ'. ಮಿಂಚಂಚೆ ವಿಳಾಸ ಪಿಯುಸಿಯಲ್ಲಿ ಗೆಳೆಯರು ಮಾಡಿಕೊಟ್ಟದ್ದು, ಅದರಲ್ಲಿ 'ರಾಕಿಂಗ್' ಎಂದೋ ನೆಚ್ಚಿನ ನಟನ ಬಿರುದೋ ಇರುತ್ತದೆ. ಈ ನಾಲ್ವರೂ ಒಬ್ಬನೇ ಎಂದು ಬೆಂಗಳೂರಿನಲ್ಲಿ ಕೂತವರಿಗೆ ಹೇಗೆ ತಿಳಿಯಬೇಕು?

ಅಂಕಪಟ್ಟಿಯಲ್ಲಿರುವ ಹೆಸರನ್ನೇ, ಅದೇ ಇಂಗ್ಲಿಷ್ ಕಾಗುಣಿತದಲ್ಲಿ, ಎಲ್ಲ ಕಡೆ ಬಳಸಿ. ಕೊನೆಯ ಹೆಸರು ಕೇಳಿದ ಕಡೆ ಇನಿಷಿಯಲ್ ಹಾಕಿ ಅಥವಾ ಅದನ್ನೇ ಬಿಡಿಸಿ ಬರೆಯಿರಿ, ಆದರೆ ಎಲ್ಲ ಕಡೆ ಒಂದೇ ಥರ ಇರಲಿ. ಕೆಲಸಕ್ಕೆಂದೇ ಒಂದು ಹೊಸ ಮಿಂಚಂಚೆ ಮಾಡಿಕೊಳ್ಳಿ. ಇಷ್ಟಾದರೆ ಅರ್ಧ ಗಂಟೆಯಲ್ಲಿ ನಿಮ್ಮ ವಿಳಾಸದ ಬೋರ್ಡು ತಯಾರು.

ಲಿಂಕ್ಡ್‌ಇನ್: ಮುಖಪರಿಚಯದ ಚೀಲ

ಲಿಂಕ್ಡ್‌ಇನ್ 2003ರಲ್ಲಿ ಬಳಕೆಗೆ ಬಂತು, 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ನೋಡಲು ಫೇಸ್‌ಬುಕ್‌ನಂತೆಯೇ ಇದೆ, ಆದರೆ ಅಲ್ಲಿ ಜನ ಸೇರುವುದು ಉದ್ಯೋಗದ ವಿಷಯಕ್ಕೆ. ನಿಮ್ಮ ಓದು, ಬಲ್ಲ ವಿದ್ಯೆ, ಮಾಡಿದ ಕೆಲಸ ಒಂದು ಪುಟದಲ್ಲಿ ಇರುತ್ತವೆ.

ಇದರಿಂದ ಏನು ಪ್ರಯೋಜನ ಎಂದು ತಿಳಿಯಲು ಐವತ್ತು ವರ್ಷ ಹಿಂದಿನ ಒಂದು ಅಧ್ಯಯನವನ್ನು ನೋಡಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ, ಇತ್ತೀಚೆಗೆ ಕೆಲಸ ಬದಲಿಸಿದವರನ್ನು ಮಾತನಾಡಿಸಿದರು. ಯಾರ ಮೂಲಕ ಕೆಲಸ ಸಿಕ್ಕಿತು, ಅವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದರು. ಆಪ್ತರ ಮೂಲಕ ಎಂಬ ಉತ್ತರ ಹೆಚ್ಚಾಗಿ ಬರಬೇಕಿತ್ತು, ಅಲ್ಲವೇ? ಪರಿಚಯದವರ ಮೂಲಕ ಕೆಲಸ ಪಡೆದವರಲ್ಲಿ ಆಗಾಗ ಭೇಟಿಯಾಗುವವರಿಂದ ಸುಳಿವು ಸಿಕ್ಕಿದ್ದು ಸುಮಾರು ಶೇ. 17 ಜನಕ್ಕೆ ಮಾತ್ರ. ಅಪರೂಪಕ್ಕೊಮ್ಮೆ ಸಿಗುವವರಿಂದ ಶೇ. 28ರಷ್ಟು. ನಡುವಿನ, 'ಎಲ್ಲೋ ಆಗೊಮ್ಮೆ ಈಗೊಮ್ಮೆ' ಸಿಗುವವರಿಂದ ಶೇ. 55ಕ್ಕೂ ಹೆಚ್ಚು. ಆ ಪ್ರಬಂಧ 1973ರಲ್ಲಿ ಪ್ರಕಟವಾಯಿತು.

ಕಾರಣ ಸರಳ. ನಿಮ್ಮ ಆಪ್ತ ಗೆಳೆಯರಿಗೆ ಗೊತ್ತಿರುವುದು ನಿಮಗೂ ಗೊತ್ತು, ಅವರೂ ನಿಮ್ಮ ಜೊತೆಗೇ ಹಾಸ್ಟೆಲ್ಲಿನಲ್ಲಿ ಕೆಲಸ ಹುಡುಕುತ್ತಿದ್ದಾರೆ. ನಿಮಗೆ ಗೊತ್ತಿಲ್ಲದ ಸುದ್ದಿ ಇರುವುದು ಬೇರೆ ವಲಯದಲ್ಲಿ ಓಡಾಡುವ ಮುಖಪರಿಚಯದವರ ಬಳಿ.

2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಇದನ್ನೇ ಲಿಂಕ್ಡ್‌ಇನ್‌ನಲ್ಲಿ, ಐದು ವರ್ಷಗಳಲ್ಲಿ, ಎರಡು ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ಪರೀಕ್ಷಿಸಿತು. ಗಟ್ಟಿ ನಂಟಿಗಿಂತ ಸಡಿಲ ನಂಟು ಕೆಲಸ ಬದಲಾವಣೆಗೆ ಹೆಚ್ಚು ನೆರವಾಯಿತು, ಆದರೆ ತೀರಾ ಸಡಿಲವಾದರೂ ಫಲ ಕಡಿಮೆ. ಡಿಜಿಟಲ್ ತಂತ್ರಜ್ಞಾನದ ಉದ್ಯಮಗಳಲ್ಲಿ ಈ ಸಡಿಲ ನಂಟಿನ ಬಲ ಇನ್ನೂ ಜಾಸ್ತಿ ಕಂಡಿತು. ಅಂದರೆ ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರನ್ನು ನೆನಪಿಸಿಕೊಂಡ ನಿಮ್ಮ ಅಜ್ಜಿಯ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಲಿಂಕ್ಡ್‌ಇನ್ ಅಂಥ ಮುಖಪರಿಚಯದವರನ್ನು ಕೂಡಿಡುವ ಒಂದು ಚೀಲ, ಅಷ್ಟೇ. ಅದಕ್ಕೆ ಮದುವೆಗೆ ಕರೆಯುವ ನೆಂಟರು ಬೇಕಿಲ್ಲ.

ಹಾಗೆಂದು ಸಿಕ್ಕಸಿಕ್ಕವರಿಗೆ ಕೈ ಮುಗಿದರೆ ಚೀಲ ತುಂಬುತ್ತದೆ, ಕೆಲಸ ಆಗುವುದಿಲ್ಲ. ನಿಮ್ಮದೇ ಕಾಲೇಜಿನಲ್ಲಿ ಮೂರು ನಾಲ್ಕು ವರ್ಷ ಹಿಂದೆ ಓದಿದವರನ್ನು ಮೊದಲು ಹುಡುಕಿ. ಆಮೇಲೆ ನಿಮಗೆ ಇಷ್ಟವಾದ ಕೆಲಸವನ್ನೇ ಮಾಡುತ್ತಿರುವವರನ್ನು. 'ಸರ್, ನಾನು ಫ್ರೆಷರ್, ಯಾವುದಾದರೂ ಕೆಲಸ ಕೊಡಿಸಿ' ಎಂದು ಬರೆದರೆ ಅದಕ್ಕೆ ಯಾರೂ ಉತ್ತರ ಬರೆಯಲಾರರು, ಏಕೆಂದರೆ ಉತ್ತರಿಸಲು ಅದರಲ್ಲಿ ಏನೂ ಇಲ್ಲ. ಹೀಗೆ ಬರೆದು ನೋಡಿ:

'ನಮಸ್ಕಾರ. ನೀವು ಓದಿದ ಕಾಲೇಜಿನಲ್ಲೇ ನಾನು ಕೊನೆಯ ವರ್ಷದ ವಿದ್ಯಾರ್ಥಿನಿ. ನಿಮ್ಮ ತಂಡ ಪೈಥಾನ್ ಬಳಸುತ್ತದೆಂದು ನಿಮ್ಮ ಪುಟದಿಂದ ತಿಳಿಯಿತು. ನಾನೂ ಅದರಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ, ಕೊಂಡಿ ಕೆಳಗಿದೆ. ಫ್ರೆಷರ್‌ಗಳನ್ನು ತೆಗೆದುಕೊಳ್ಳುವಾಗ ನಿಮ್ಮಲ್ಲಿ ಮುಖ್ಯವಾಗಿ ಏನು ನೋಡುತ್ತಾರೆ?'

ಇದಕ್ಕೆ ಎರಡು ಸಾಲಿನ ಉತ್ತರ ಬರೆಯುವುದು ಯಾರಿಗೂ ಭಾರವಲ್ಲ. ಹತ್ತು ಜನಕ್ಕೆ ಬರೆದರೆ ಇಬ್ಬರು ಉತ್ತರಿಸಬಹುದು. ಆ ಇಬ್ಬರಲ್ಲಿ ಒಬ್ಬರು ಮುಂದೆ ತಮ್ಮ ಕಂಪನಿಯಲ್ಲಿ ಜಾಗ ಖಾಲಿಯಾದಾಗ ನಿಮ್ಮ ಹೆಸರನ್ನು ಒಳಗೆ ಕೊಡಬಹುದು. ಇದಕ್ಕೆ ಕಂಪನಿಗಳಲ್ಲಿ ರೆಫರಲ್ ಎನ್ನುತ್ತಾರೆ. ವಶೀಲಿಗೂ ರೆಫರಲ್‌ಗೂ ಒಂದು ವ್ಯತ್ಯಾಸವಿದೆ: ವಶೀಲಿ ಕೆಲಸವನ್ನೇ ಕೊಡಿಸುತ್ತದೆ, ರೆಫರಲ್ ಸಂದರ್ಶನದ ಕುರ್ಚಿಯವರೆಗೆ ಮಾತ್ರ ಕರೆದೊಯ್ಯುತ್ತದೆ.

ಗಿಟ್‌ಹಬ್: ಮಾಡಿದ್ದನ್ನು ತೋರಿಸುವ ಜಗಲಿ

ಪ್ರೋಗ್ರಾಂ ಬರೆಯುವಾಗ ನಿನ್ನೆ ಏನಿತ್ತು, ಇವತ್ತು ಏನು ಬದಲಾಯಿತು, ಯಾರು ಬದಲಿಸಿದರು ಎಂಬ ಲೆಕ್ಕ ಇಡುವ ಸಾಧನದ ಹೆಸರು ಗಿಟ್. ಲಿನಕ್ಸ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ ಅದನ್ನು 2005ರಲ್ಲಿ ಬರೆದರು. ಆ ಲೆಕ್ಕವನ್ನು ಇಂಟರ್‌ನೆಟ್‌ನಲ್ಲಿ ಇಟ್ಟು ನಾಲ್ಕು ಜನ ಸೇರಿ ಕೆಲಸ ಮಾಡುವ ಜಾಗ ಗಿಟ್‌ಹಬ್, 2008ರಲ್ಲಿ ಶುರುವಾದದ್ದು. 2018ರಲ್ಲಿ ಇದನ್ನೂ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಅಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಕಡತದ ಗಂಟು ಇರುತ್ತದೆ, ಅದಕ್ಕೆ ರೆಪೊ ಎನ್ನುತ್ತಾರೆ. ಪ್ರತಿ ಬದಲಾವಣೆಯ ದಾಖಲೆ ಒಂದು ಕಮಿಟ್. ಬೇರೆಯವರ ಕೆಲಸದಲ್ಲಿ ತಿದ್ದುಪಡಿ ಮಾಡಿ 'ಇದನ್ನು ಸೇರಿಸಿಕೊಳ್ಳಿ' ಎಂದು ಕೇಳುವುದು ಪುಲ್ ರಿಕ್ವೆಸ್ಟ್.

ನಮ್ಮ ವಿದ್ಯಾರ್ಥಿಗಳ ಗಿಟ್‌ಹಬ್ ತೆರೆದರೆ ಬಹಳ ಸಲ ಕಾಣುವುದು ಮೂವತ್ತು ರೆಪೊ. ಹವಾಮಾನ ತೋರಿಸುವ ಆ್ಯಪ್, ಮಾಡಬೇಕಾದ ಕೆಲಸಗಳ ಪಟ್ಟಿ, ನೆಟ್‌ಫ್ಲಿಕ್ಸ್‌ನ ನಕಲು. ಎಲ್ಲವೂ ಯೂಟ್ಯೂಬ್ ನೋಡಿಕೊಂಡು ಹೊಡೆದದ್ದು. ಕಲಿಯುವಾಗ ಅದು ತಪ್ಪಲ್ಲ, ಕಾಪಿ ಬರೆದೇ ಅಕ್ಷರ ದುಂಡಗಾಗುವುದು. ಆದರೆ ಕಾಪಿ ಪುಸ್ತಕವನ್ನು ಯಾರಿಗೂ ತೋರಿಸುವುದಿಲ್ಲವಲ್ಲ? ಇನ್ನು ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದವರು ಅದನ್ನೂ ಅಲ್ಲಿ ಹಾಕಿರುತ್ತಾರೆ. ಸಂದರ್ಶನದ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

ನನ್ನ ವಿದ್ಯಾರ್ಥಿನಿಯೊಬ್ಬಳ ವಿಷಯ ಹೇಳುತ್ತೇನೆ. ಅವಳ ತಂದೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು, ಅದರ ಮೇಲೆ ದರ ಎಷ್ಟು ಎಂದು ಬಟವಾಡೆ ಹತ್ತಿರ ಬಂದಾಗ ಮನೆಯಲ್ಲಿ ರಾತ್ರಿ ಲೆಕ್ಕ ನಡೆಯುತ್ತಿತ್ತು. ತಂದೆಯ ಲೆಕ್ಕವನ್ನು ತಾಳೆ ನೋಡಲು ಅವಳು ಒಂದು ಚಿಕ್ಕ ಪ್ರೋಗ್ರಾಂ ಬರೆದಳು. ಅಂದಚೆಂದವೇನೂ ಇರಲಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಗಿಟ್‌ಹಬ್‌ನಲ್ಲಿ ಹಾಕಿ, ರೀಡ್‌ಮಿ ಕಡತದಲ್ಲಿ ಇದು ಏನು, ಯಾಕೆ ಬರೆದೆ, ಹೇಗೆ ಓಡಿಸಬೇಕು, ಇನ್ನೂ ಏನು ಸರಿಯಾಗಿಲ್ಲ ಎಂದು ಪುಟ್ಟ ಪುಟ್ಟ ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಬರೆದಳು.

ಒಂದು ಸಣ್ಣ ಕಂಪನಿಯ ಸಂದರ್ಶನದಲ್ಲಿ ಮುಕ್ಕಾಲು ಗಂಟೆ ಈ ಡೇರಿಯ ಬಗ್ಗೆಯೇ ಮಾತಾಯಿತಂತೆ. ಅರ್ಧ ಲೆಕ್ಕ ಹಾಕುವಾಗ ಕರೆಂಟ್ ಹೋದರೆ? ಒಂದೇ ಹೆಸರಿನ ಇಬ್ಬರು ರೈತರಿದ್ದರೆ? ಕಳೆದ ವಾರದ ಫ್ಯಾಟ್ ತಪ್ಪಾಗಿ ಬರೆದದ್ದು ಇವತ್ತು ಗೊತ್ತಾದರೆ? ಮೊದಲೆರಡಕ್ಕೆ ಉತ್ತರವಿತ್ತು, ಮೂರನೆಯದಕ್ಕೆ ಇರಲಿಲ್ಲ. 'ಗೊತ್ತಿಲ್ಲ, ಆದರೆ ನಮ್ಮಪ್ಪ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ತಿದ್ದಿ ಪಕ್ಕದಲ್ಲಿ ಸಹಿ ಹಾಕ್ತಾರೆ, ಹಾಗೇನಾದ್ರೂ ಮಾಡಬೇಕು' ಎಂದಳು. ಬದಲಾದದ್ದನ್ನು ಅಳಿಸದೆ ದಾಖಲೆ ಇಡಬೇಕು ಎಂಬುದು ಲೆಕ್ಕದ ಸಾಫ್ಟ್‌ವೇರ್ ಬರೆಯುವವರ ಮೊದಲ ಪಾಠ. ಅದನ್ನು ಅವಳು ಅಪ್ಪನ ಪುಸ್ತಕದಿಂದ ಕಲಿತಿದ್ದಳು. ಕೆಲಸ ಸಿಕ್ಕಿತು.

ಅವಳಿಗೆ ಕೆಲಸ ಕೊಟ್ಟದ್ದು ಗಿಟ್‌ಹಬ್ ಎಂದು ನಾನು ಹೇಳಲಾರೆ. ಆದರೆ ಆ ಕೊಂಡಿ ಇಲ್ಲದಿದ್ದರೆ ಡೇರಿಯ ಮಾತು ಬರುತ್ತಿರಲಿಲ್ಲ, ಅವಳಿಗೆ ತಿಳಿದದ್ದು ಹೊರಗೆ ಬರಲು ದಾರಿಯೇ ಇರುತ್ತಿರಲಿಲ್ಲ.

ಆದ್ದರಿಂದ ಎರಡೇ ಎರಡು ಕೆಲಸ ಹಾಕಿ. ನಿಮ್ಮ ಮನೆ, ಊರು, ಅಂಗಡಿ, ತೋಟ, ಹಾಸ್ಟೆಲ್ ಮೆಸ್ ಎಲ್ಲಿಂದಲಾದರೂ ಎದ್ದ ಸಮಸ್ಯೆಯಾಗಿರಲಿ. ಉಳಿದ ಅಭ್ಯಾಸದ ರೆಪೊಗಳನ್ನು ಖಾಸಗಿಯಾಗಿ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಪಾಸ್‌ವರ್ಡ್, ಎಪಿಐ ಕೀಲಿ (ಬೇರೆ ತಂತ್ರಾಂಶದ ಸೇವೆ ಬಳಸಲು ಕೊಡುವ ಗುಪ್ತ ಸಂಕೇತ) ಇವನ್ನು ಕೋಡ್ ಜೊತೆಗೆ ಎಂದೂ ಏರಿಸಬೇಡಿ. ಮಾರನೇ ದಿನ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಉಳಿದೇ ಇರುತ್ತದೆ. ಲೆಕ್ಕ ಇಡುವುದೇ ಗಿಟ್‌ನ ಕೆಲಸವಲ್ಲವೇ. ಏರಿಸಿಬಿಟ್ಟಿದ್ದರೆ ಆ ಕೀಲಿಯನ್ನೇ ಬದಲಿಸಿ.

ಗಿಟ್‌ಹಬ್ ಪುಟದಲ್ಲಿ ಪ್ರತಿದಿನದ ಕೆಲಸಕ್ಕೆ ಒಂದು ಹಸಿರು ಚೌಕ ಮೂಡುತ್ತದೆ. ಅದನ್ನು ತುಂಬಲೆಂದೇ ದಿನಕ್ಕೊಂದು ಅಲ್ಪವಿರಾಮ ತಿದ್ದುವವರಿದ್ದಾರೆ. 2020ರಲ್ಲಿ ಇದಕ್ಕಿಂತ ದೊಡ್ಡ ಪ್ರಹಸನ ನಡೆಯಿತು. ಡಿಜಿಟಲ್‌ಓಷನ್ ಕಂಪನಿ ಪ್ರತಿ ಅಕ್ಟೋಬರ್‌ನಲ್ಲಿ ನಡೆಸುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀಶರ್ಟ್ ಸಿಗುತ್ತಿತ್ತು. ಟೀಶರ್ಟ್ ಆಸೆಗೆ ಜನ ಅರ್ಥವಿಲ್ಲದ ತಿದ್ದುಪಡಿಗಳನ್ನು ಸುರಿದರು, ಮುಕ್ತ ತಂತ್ರಾಂಶ ನೋಡಿಕೊಳ್ಳುವ ಸ್ವಯಂಸೇವಕರು ಬೇಸತ್ತುಹೋದರು. ಕೊನೆಗೆ ಆಯೋಜಕರು ನಡುವೆಯೇ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ರೆಪೊಗಳಿಗೆ ಮಾತ್ರ ಎಂದು ಮಾಡಬೇಕಾಯಿತು. ಎಣಿಕೆಗೆ ಬಹುಮಾನ ಇಟ್ಟಲ್ಲಿ ಎಣಿಕೆ ಮಾತ್ರ ಬೆಳೆಯುತ್ತದೆ. ನೋಡುವವರಿಗೂ ಅದು ಗೊತ್ತಿದೆ.

ಇಂಗ್ಲಿಷ್ ಬರಲ್ಲ ಸರ್

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ನಿಜವಾದ ಅಡ್ಡಿ ಇದು. ತಪ್ಪು ಬರೆದರೆ ಎಲ್ಲರೂ ನೋಡುತ್ತಾರಲ್ಲ ಎಂಬ ನಾಚಿಕೆ. ಹಾಗಾಗಿ ಈಗ ಚಾಟ್‌ಜಿಪಿಟಿಯಿಂದ ಬರೆಸಿ ಅಂಟಿಸುತ್ತಾರೆ. 2022ರ ನವೆಂಬರ್‌ನಲ್ಲಿ ಅದು ಬಂದಮೇಲೆ ನನ್ನ ಕೈಗೆ ಬರುವ ರೆಸ್ಯೂಮೆಗಳೆಲ್ಲ ಒಂದೇ ದರ್ಜಿಯ ಅಂಗಡಿಯಿಂದ ಬಂದಂತಿವೆ, ಎಲ್ಲರೂ 'ಉತ್ಸಾಹಿ', ಎಲ್ಲರೂ 'ಫಲಿತಾಂಶ ಕೇಂದ್ರಿತ'. ಓದುವವರಿಗೆ ಒಂದರಿಂದ ಇನ್ನೊಂದು ಬೇರೆ ಕಾಣುವುದಿಲ್ಲ. ಬಣ್ಣದ ಮಾತು ಎಲ್ಲರಿಗೂ ಪುಕ್ಕಟೆ ಸಿಗುವಾಗ, ತೆರೆದು ಓಡಿಸಿ ನೋಡಬಹುದಾದ ಕೆಲಸಕ್ಕೆ ಬೆಲೆ ಹೆಚ್ಚು.

ತಂತ್ರಜ್ಞಾನದ ಇಂಗ್ಲಿಷಿಗೆ ಪಾಂಡಿತ್ಯ ಬೇಕಿಲ್ಲ. ಕರ್ತೃ, ಕರ್ಮ, ಕ್ರಿಯಾಪದ, ಒಂದು ಪೂರ್ಣವಿರಾಮ. ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಕಾಗುಣಿತ, ವ್ಯಾಕರಣ ತಿದ್ದಿಸಲು ಯಂತ್ರದ ಸಹಾಯ ಪಡೆಯಿರಿ, ಹೇಳುವ ಮಾತು ನಿಮ್ಮದಾಗಿರಲಿ.

ಬರವಣಿಗೆಯ ಅಭ್ಯಾಸಕ್ಕೆ ಒಳ್ಳೆಯ ಜಾಗವೂ ಇದೆ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ, ಅಲ್ಲಿ ಯಾರು ಬೇಕಾದರೂ ಲೇಖನ ಬರೆಯಬಹುದು, ತಿದ್ದಬಹುದು. ಅದರಿಂದ ನೇರವಾಗಿ ಕೆಲಸ ಸಿಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಹೇಳಿದ್ದಕ್ಕೆ ಆಧಾರ ಕೊಡುವುದು, ಬದಲಾವಣೆಯ ಕಾರಣ ಬರೆಯುವುದು, ಅಪರಿಚಿತರು ತಿದ್ದಿದಾಗ ಮುನಿಸಿಕೊಳ್ಳದೆ ಚರ್ಚಿಸುವುದು, ಇವು ತಂಡದಲ್ಲಿ ಕೋಡ್ ಬರೆಯುವವರು ದಿನವೂ ಮಾಡುವ ಕೆಲಸಗಳೇ. ಕನ್ನಡದಲ್ಲೇ ಕಲಿತು ಬಿಡಬಹುದು.

ಬಾಗಿಲ ತನಕ ಮಾತ್ರ

ಹೆಸರು ಎಷ್ಟು ದೂರ ನಡೆಸುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಮ್ಯಾಕ್ ಕಂಪ್ಯೂಟರುಗಳಲ್ಲಿ ತಂತ್ರಾಂಶ ಹಾಕಿಕೊಳ್ಳಲು ಜಗತ್ತಿನಾದ್ಯಂತ ಎಂಜಿನಿಯರುಗಳು ಬಳಸುವ ಹೋಮ್‌ಬ್ರೂ ಎಂಬ ಮುಕ್ತ ಸಾಧನವನ್ನು ಹುಟ್ಟುಹಾಕಿದವರು ಮ್ಯಾಕ್ಸ್ ಹೊವೆಲ್. ಗಿಟ್‌ಹಬ್‌ನಲ್ಲಿ ಅವರಿಗಿಂತ ದೊಡ್ಡ ಗುರುತು ಬೇಕೆ? 2015ರಲ್ಲಿ ಅವರು ಗೂಗಲ್ ಸಂದರ್ಶನಕ್ಕೆ ಹೋಗಿ ಆಯ್ಕೆಯಾಗಲಿಲ್ಲ. ಗೂಗಲ್‌ನ ಎಂಜಿನಿಯರುಗಳೇ ತಾನು ಬರೆದದ್ದನ್ನು ಬಳಸುತ್ತಿರುವಾಗ, ಬೋರ್ಡಿನ ಮೇಲೆ ಬೈನರಿ ಟ್ರೀಯನ್ನು ತಿರುಗಿಸಿ ಬರೆಯಲಾಗಲಿಲ್ಲವೆಂದು ತನ್ನನ್ನು ಕಳಿಸಿಬಿಟ್ಟರು ಎಂದು ಟ್ವಿಟರ್‌ನಲ್ಲಿ ಸಿಟ್ಟಿನಿಂದ ಬರೆದುಕೊಂಡರು. ಸಂದರ್ಶನದ ರೀತಿ ಸರಿಯೇ ತಪ್ಪೇ ಎಂಬ ಜಗಳ ಅಂದಿನಿಂದ ನಡೆದೇ ಇದೆ. ನಮಗೆ ಬೇಕಾದದ್ದು ಇಷ್ಟು: ಅಂಥವರಿಗೇ ಪರೀಕ್ಷೆ ತಪ್ಪಲಿಲ್ಲ.

ಹಾಗಾಗಿ ವಾರಕ್ಕೆ ಹತ್ತು ಗಂಟೆ ಸಿಕ್ಕರೆ ಎಂಟು ಗಂಟೆ ಕಲಿಯಲು ಕೊಡಿ. ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ನೆಟ್‌ವರ್ಕ್ ಯಾವುದನ್ನೂ ಬಿಡಬೇಡಿ. ಉಳಿದ ಎರಡು ಗಂಟೆ ಗುರುತಿಗೆ ಸಾಕು. ದಿನವೂ ಲಿಂಕ್ಡ್‌ಇನ್‌ನಲ್ಲಿ ಬೇರೆಯವರ 'ಐ ಆಮ್ ಹ್ಯಾಪಿ ಟು ಶೇರ್' ಓದುತ್ತ ಕೂತರೆ ಎಂಟು ಗಂಟೆಯೂ ಹೋಗುತ್ತದೆ, ಮನಸ್ಸೂ ಕುಗ್ಗುತ್ತದೆ.

ಹುಷಾರಾಗಿರಬೇಕಾದ ಕಡೆ

ಬೀದಿಗೆ ಮುಖಮಾಡಿದ ಮನೆಗೆ ಕದವೂ ಇರಬೇಕು. ಮೊಬೈಲ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನ, ಆಧಾರ್ ಸಂಖ್ಯೆ ಸಾರ್ವಜನಿಕ ಪುಟದಲ್ಲಿ ಬೇಡ. ಹುಡುಗಿಯರು ಫೋಟೊ ಹಾಕಲೇಬೇಕೆಂಬ ನಿಯಮವಿಲ್ಲ. ಕೆಲಸದ ಮಾತಿನ ನೆಪದಲ್ಲಿ ಬೇರೆ ಮಾತಿಗಿಳಿಯುವವರನ್ನು ಮರುಮಾತಿಲ್ಲದೆ ಬ್ಲಾಕ್ ಮಾಡಿ, ಅದಕ್ಕೆ ಸಂಕೋಚ ಬೇಡ. ಗಿಟ್‌ಹಬ್‌ನಲ್ಲಿ ಹೆಣ್ಣುಮಕ್ಕಳು ಕಳಿಸಿದ ಪುಲ್ ರಿಕ್ವೆಸ್ಟ್‌ಗಳ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಒಟ್ಟಾರೆ ನೋಡಿದರೆ ಅವರವು ಶೇ. 78.6ರಷ್ಟು, ಗಂಡಸರವು ಶೇ. 74.6ರಷ್ಟು ಒಪ್ಪಿಗೆಯಾಗಿದ್ದವು. ಆದರೆ ತಂಡಕ್ಕೆ ಹೊರಗಿನವರಾಗಿದ್ದು, ಹೆಣ್ಣೆಂದು ಪುಟದಿಂದಲೇ ಗೊತ್ತಾಗುವಂತಿದ್ದಾಗ ಅವರ ಪ್ರಮಾಣ ಇಳಿಯಿತು. ಕೆಲಸ ಚೆನ್ನಾಗಿತ್ತು, ನೋಡುವ ಕಣ್ಣು ಬದಲಾಯಿತು. ಇನಿಷಿಯಲ್ ಮಾತ್ರ ಬಳಸಬೇಕೋ ಪೂರ್ತಿ ಹೆಸರೋ ಎಂಬುದನ್ನು ಇದನ್ನು ತಿಳಿದು ನೀವೇ ತೀರ್ಮಾನಿಸಿ.

ಇನ್ನೊಂದು, ಮೋಸದ ಕೆಲಸಗಳು. ನಿಮ್ಮ ಪುಟ ಕಂಪನಿಗೆ ಕಂಡಂತೆ ಕಳ್ಳರಿಗೂ ಕಾಣುತ್ತದೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಹಣ ಕೇಳುವುದಿಲ್ಲ. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸವೆಂದು ಸಾಮಾಜಿಕ ಜಾಲತಾಣದಲ್ಲಿ ಆಸೆ ತೋರಿಸಿ, ಐಟಿ ಬಲ್ಲ ಭಾರತದ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕುತ್ತಿದ್ದಾರೆ ಎಂದು ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ನಾಲ್ಕು ಶನಿವಾರ

ಎಲ್ಲವನ್ನೂ ಒಂದೇ ದಿನ ಮಾಡಲು ಹೊರಡಬೇಡಿ. ಮೊದಲ ಶನಿವಾರ ಹೆಸರು ಮತ್ತು ಮಿಂಚಂಚೆ ಸರಿಮಾಡಿ. ಎರಡನೇ ಶನಿವಾರ ಲಿಂಕ್ಡ್‌ಇನ್ ಪುಟ: ಓದು, ಬಲ್ಲ ವಿದ್ಯೆ, ನಾಲ್ಕು ಸಾಲಿನ ಪರಿಚಯ. ಗೊತ್ತಿಲ್ಲದ ವಿದ್ಯೆಯ ಹೆಸರು ಸೇರಿಸಬೇಡಿ, ಸಂದರ್ಶನದಲ್ಲಿ ಅದನ್ನೇ ಕೇಳುತ್ತಾರೆ. ಮೂರನೇ ಶನಿವಾರ ನಿಮ್ಮ ಒಂದು ಕೆಲಸವನ್ನು ರೀಡ್‌ಮಿ ಸಮೇತ ಗಿಟ್‌ಹಬ್‌ನಲ್ಲಿ ಇಡಿ. ನಾಲ್ಕನೇ ಶನಿವಾರ ಐದು ಜನ ಹಳೆಯ ವಿದ್ಯಾರ್ಥಿಗಳಿಗೆ ಬರೆಯಿರಿ. ಆಮೇಲೆ ಪುಸ್ತಕ ತೆಗೆಯಿರಿ.

ಆ ಹಿಂದಿನ ಬೆಂಚಿನ ಹುಡುಗನಿಗೆ ಮಾರನೇ ದಿನ ನಾನು ಹೇಳಿದ್ದು ಇದರ ಸಾರಾಂಶವನ್ನೇ. ಅವನಿಗೆ ಎರಡು ಬ್ಯಾಕ್‌ಲಾಗ್ ಇದ್ದವು. ಕ್ಯಾಂಪಸ್ ಕಂಪನಿಗಳಿಗೆ ಕೂರುವಂತಿರಲಿಲ್ಲ. 'ಮಿಕ್ಕವರಿಗೆ ಇದು ಇದ್ದರೆ ಒಳ್ಳೇದು, ನಿನಗೆ ಬೇಕೇ ಬೇಕು. ಆದರೆ ಮೊದಲು ಆ ಎರಡು ಪೇಪರ್ ಪಾಸು ಮಾಡು' ಎಂದೆ. ಲ್ಯಾಬಿನಲ್ಲಿ ಕೂತು ಅಂಕಪಟ್ಟಿಯಲ್ಲಿ ಇರುವಂತೆಯೇ ಅವನ ಹೆಸರು ಹಾಕಿ ಹುಡುಕಿದೆವು. ಎರಡು ಪುಟದಷ್ಟು ಬೇರೆ ಬೇರೆ ಜನ ಬಂದರು. ಮೂರನೇ ಪುಟದಲ್ಲಿ, ತಾಲ್ಲೂಕು ಮಟ್ಟದ ಪ್ರೌಢಶಾಲಾ ಕಬಡ್ಡಿಯಲ್ಲಿ ಗೆದ್ದ ತಂಡದ ಫೋಟೊ. ಬನಿಯನ್ ಹಾಕಿಕೊಂಡು, ಮಂಡಿಯ ತುಂಬ ಮಣ್ಣು ಮೆತ್ತಿಕೊಂಡು, ಕಪ್ ಹಿಡಿದು ನಿಂತಿದ್ದಾನೆ.

ಅವನ ಮುಖ ಕೆಂಪಾಯಿತು. 'ಇದನ್ನ ತೆಗೆಸ್ಬೇಕಾ ಸರ್?'

'ಯಾಕೋ? ಗೆದ್ದಿದ್ದು ನಿಜ ತಾನೇ?'

'ನಿಜ ಸರ್.'

'ಹಾಗಾದ್ರೆ ಇರಲಿ. ಇದರ ಪಕ್ಕದಲ್ಲಿ ಇಡೋಕೆ ಇನ್ನೊಂದು ನಿಜ ತಗೊಂಡು ಬಾ' ಎಂದೆ. ಪೇಪರ್ ಮುಗಿದ ಮೇಲೆ ಬರುತ್ತೇನೆಂದು ಹೋಗಿದ್ದಾನೆ. ಒಂದು ಪೇಪರ್ ಪಾಸಾಗಿದೆ.